ಮಗುವಿನ ಕೆನ್ನೆಯ ಕಲೆ ಮತ್ತು ಕರ್ಮದ ಲೆಕ್ಕ

ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳುಂಟೆಂದು ತಿಳಿಸಿದ ಆಚಾರ್ಯ ಸಮಂತಭದ್ರರು, ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ರಾಜನನ್ನು ಉದಾಹರಣೆಯಾಗಿ ಹೆಸರಿಸಿದ್ದಾರೆ. ಕಥೆ ಶ್ರಾವಕರಿಗೆಲ್ಲ ಪರಿಚಿತವೇ. ದೇವನೊಬ್ಬನು ರಾಜನನ್ನು ಪರೀಕ್ಷಿಸಲೆಂದು ಮೈಚರ್ಮವೆಲ್ಲ ಕೆಟ್ಟು ನಾರುವ ಮುನಿಯ ವೇಷದಲ್ಲಿ ಬಂದು, ಆಹಾರ ಸ್ವೀಕರಿಸಿ, ಅದನ್ನು ಅಲ್ಲಿಯೇ ಕಾರಿದನು. ಪರಿಜನರು ಮೂಗು ಮುಚ್ಚಿಕೊಂಡು ದೂರ ಸರಿದರು. ರಾಜನಾದರೋ, ತಾನು ನೀಡಿದ ಆಹಾರದಲ್ಲಿಯೇ ಏನೋ ದೋಷವಿದ್ದಿರಬೇಕೆಂದು ನೊಂದುಕೊಂಡು, ಸ್ವಹಸ್ತದಿಂದ ಮುನಿಯ ಮೈಯನ್ನು ತೊಳೆದನು. ಈ ಕಥೆಯನ್ನು ಹೇಳುವವರು ಜುಗುಪ್ಸೆಯನ್ನು ಗೆದ್ದುದನ್ನು ಮಾತ್ರ ಎತ್ತಿ ಹೇಳುತ್ತಾರೆ. ಅದರಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ರೋಗಿಯನ್ನು ಕಂಡ ರಾಜನು ದೋಷವನ್ನು ಹುಡುಕಿದ್ದು ತನ್ನ ಕೈಯಡುಗೆಯಲ್ಲಿ; ಎದುರಿಗಿದ್ದವನ ಪೂರ್ವಜನ್ಮದಲ್ಲಿ ಅಲ್ಲ.

ಮುನಿಯ ಮುಂದೆ ಭಕ್ತಿಯೇ ಮನಸ್ಸನ್ನು ಕಾಯುತ್ತದೆ. ರೋಗವು ಸ್ವಂತ ಮನೆಯ ಅಥವಾ ನೆರೆಮನೆಯ ಮಗುವಿನ ಮುಖದಲ್ಲಿ ಕಾಣಿಸಿಕೊಂಡಾಗ ಪರೀಕ್ಷೆಯು ಬೇರೆಯದೇ ಆಗುತ್ತದೆ. ಕೋಲಾರ ಚಿನ್ನದ ಗಣಿಯ ರಾಬರ್ಟ್‌ಸನ್‌ಪೇಟೆಯಲ್ಲಿಯೋ ಬಂಗಾರಪೇಟೆಯಲ್ಲಿಯೋ ವ್ಯಾಪಾರ ಮಾಡಿಕೊಂಡಿರುವ ಒಂದು ಜೈನ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಒಂಬತ್ತು ವರ್ಷದ ಹುಡುಗಿ. ಬೇಸಗೆಯ ಆರಂಭದಲ್ಲಿ ಕೆನ್ನೆಯ ಮೇಲೆ ನಾಲ್ಕಾಣೆ ನಾಣ್ಯದಷ್ಟು ಅಗಲದ ಕೆಂಪು ಮಚ್ಚೆಯೊಂದು ಏಳುತ್ತದೆ. ಹುಳುಕಡ್ಡಿ ಇರಬೇಕೆಂದು ಅಜ್ಜಿ ಮನೆಮದ್ದು ತಿಕ್ಕುತ್ತಾರೆ. ತಂದೆ ಔಷಧದ ಅಂಗಡಿಯಿಂದ ಒಂದು ಟ್ಯೂಬು ತರುತ್ತಾರೆ. ಎರಡು ತಿಂಗಳಲ್ಲಿ ಮಚ್ಚೆ ಹರಡಿ, ನಡುವೆ ಬೆಳ್ಳಗಾಗಿ, ಅಂಚು ಕಪ್ಪಾಗಿ, ಮುಟ್ಟಿದರೆ ಒರಟು ಹೊಟ್ಟು ಕೈಗೆ ತಾಗುತ್ತದೆ. ಆ ಹೊತ್ತಿಗೆ ಬಸದಿಗೆ ಬಂದ ಹಿರಿಯರೊಬ್ಬರು ಮರುಕದಿಂದಲೇ ಹೇಳುತ್ತಾರೆ: "ಏನು ಮಾಡುವುದಮ್ಮಾ, ಪೂರ್ವಜನ್ಮದ ಕರ್ಮ, ಅನುಭವಿಸಲೇಬೇಕು." ಹೇಳಿದವರು ಕೆಟ್ಟವರಲ್ಲ, ಅವರಿಗೆ ಅದು ಸಾಂತ್ವನದ ಮಾತು. ತಾಯಿಗೆ ಅದು ತೀರ್ಪಾಗಿ ಕೇಳಿಸುತ್ತದೆ. ಪಕ್ಕದಲ್ಲಿ ನಿಂತ ಮಗುವಿಗೂ ಕಿವಿಗಳಿರುತ್ತವೆ.

ಈ ಮಾತನ್ನು ಆಡುವ ಅಧಿಕಾರ ಜೈನನಿಗೆ ಉಂಟೇ ಎಂಬುದೇ ಇಲ್ಲಿಯ ಪ್ರಶ್ನೆ. ಅದಕ್ಕೆ ಮುನ್ನ ರೋಗ ಯಾವುದೆಂದು ತಿಳಿಯುವುದು ಒಳ್ಳೆಯದು. ಈ ವಿಷಯದಲ್ಲಿ ಮಾತಿಗಿಂತ ಅಜ್ಞಾನವೇ ಹೆಚ್ಚು ಕೆಡುಕು ಮಾಡಿದೆ.

ವೈದ್ಯರು ಇದನ್ನು ಡಿಸ್ಕಾಯ್ಡ್ ಲೂಪಸ್ ಎನ್ನುತ್ತಾರೆ. ಡಿಸ್ಕಾಯ್ಡ್ ಎಂದರೆ ಬಿಲ್ಲೆಯಾಕಾರದ್ದು. ಲೂಪಸ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ ತೋಳದ ಹೆಸರು. ತೋಳ ಕಚ್ಚಿದಂತೆ ಮುಖದಲ್ಲಿ ಗಾಯ ಕಾಣುವುದರಿಂದ ಹಿಂದಿನವರು ಹಾಗೆ ಕರೆದರು. ಮನುಷ್ಯನ ರೋಗಕ್ಕೆ ಒಂದು ಮೂಕಪ್ರಾಣಿಯ ಮೇಲೆ ಅಪವಾದ ಹೊರಿಸಿದ್ದನ್ನು ಅಹಿಂಸಾವಾದಿಗಳು ಗಮನಿಸಬಹುದು. ಫ್ರಾನ್ಸಿನ ಕ್ಯಾಜೆನಾವ್ 1851ರಲ್ಲಿ ಈ ರೋಗಕ್ಕೆ ಇಂದಿನ ಹೆಸರನ್ನು ಕೊಟ್ಟನು. ಚರ್ಮದಲ್ಲಿಯೇ ನಿಲ್ಲುವ ಬಗೆಯನ್ನೂ ಒಳಗಿನ ಅಂಗಗಳಿಗೆ ಹರಡುವ ಬಗೆಯನ್ನೂ ವಿಯೆನ್ನಾದ ಕಪೋಸಿ 1872ರಲ್ಲಿ ಬೇರ್ಪಡಿಸಿ ತೋರಿಸಿದನು. ಹೊರಗಿನ ರೋಗಾಣುಗಳನ್ನು ಎದುರಿಸಬೇಕಾದ ಶರೀರದ ಕಾವಲುಶಕ್ತಿಯು ದಾರಿ ತಪ್ಪಿ ತನ್ನದೇ ಚರ್ಮವನ್ನು ಪರಕೀಯವೆಂದು ಭಾವಿಸಿ ಹೊಡೆಯುವುದು ಇದರ ಮೂಲ. ಇದು ಅಂಟುವ ರೋಗವಲ್ಲ. ಜೊತೆಯಲ್ಲಿ ಕುಳಿತು ಉಂಡರೆ, ಒಂದೇ ಹಾಸಿಗೆಯಲ್ಲಿ ಮಲಗಿದರೆ, ಮುಟ್ಟಿದರೆ, ಮುತ್ತಿಟ್ಟರೆ ಬರುವುದಿಲ್ಲ. ಕುಷ್ಠವಲ್ಲ, ತೊನ್ನಲ್ಲ, ಹುಳುಕಡ್ಡಿಯೂ ಅಲ್ಲ. ಬಿಸಿಲು ಇದರ ದೊಡ್ಡ ಶತ್ರು. ಮುಖ, ಕಿವಿ, ತಲೆಯ ಚರ್ಮ ಇವೇ ಹೆಚ್ಚಾಗಿ ತುತ್ತಾಗುತ್ತವೆ. ತಲೆಯಲ್ಲಿ ಕಲೆಗಟ್ಟಿದ ಜಾಗದಲ್ಲಿ ಕೂದಲು ಮತ್ತೆ ಹುಟ್ಟದೆ ಹೋಗಬಹುದು. ಆದುದರಿಂದ ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಉಳಿಯುವ ಕಲೆ ಕಡಿಮೆ.

ಮಕ್ಕಳಲ್ಲಿ ಇದು ವಿರಳ. ಡಿಸ್ಕಾಯ್ಡ್ ಲೂಪಸ್ ಆದವರಲ್ಲಿ ಹತ್ತು ವರ್ಷ ತುಂಬುವ ಮೊದಲೇ ರೋಗ ಆರಂಭವಾದವರು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ವಿರಳವಾದುದರಿಂದಲೇ ಗುರುತಿಸುವುದು ತಡವಾಗುತ್ತದೆ. ಇನ್ನೊಂದು ಸಂಗತಿಯನ್ನು ತಂದೆತಾಯಿಯರು ತಿಳಿದಿರಲೇಬೇಕು. ದೊಡ್ಡವರಿಗಿಂತ ಮಕ್ಕಳಲ್ಲಿ ಈ ಚರ್ಮರೋಗವು ಮುಂದೆ ಮೂತ್ರಪಿಂಡ, ಕೀಲು, ರಕ್ತ ಇವುಗಳನ್ನು ಬಾಧಿಸುವ ಲೂಪಸ್ ಆಗಿ ಬೆಳೆಯುವ ಸಂಭವ ಹೆಚ್ಚು. ಮಕ್ಕಳನ್ನು ಹಲವು ವರ್ಷ ಗಮನಿಸಿದ ವೈದ್ಯರ ವರದಿಗಳು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗಬಹುದೆನ್ನುತ್ತವೆ. ಹೆದರಿಸುವುದಕ್ಕಾಗಿ ಈ ಅಂಕಿಯನ್ನು ಹೇಳುತ್ತಿಲ್ಲ. ನಾಲ್ವರಲ್ಲಿ ಮೂವರಿಗೆ ಹಾಗಾಗುವುದಿಲ್ಲವೆಂಬುದೂ ಅದೇ ಅಂಕಿಯ ಅರ್ಥ. ಆದರೆ ಕಾಲಕಾಲಕ್ಕೆ ಮೂತ್ರ, ರಕ್ತ, ರಕ್ತದೊತ್ತಡ ಪರೀಕ್ಷಿಸುತ್ತಿರುವುದು ಅನಿವಾರ್ಯ. ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯದೆ ಕರ್ಮದ ಮಾತಾಡಿ ಕುಳಿತರೆ ಕಳೆದುಹೋಗುವುದು ಕೆನ್ನೆಯ ಅಂದ ಮಾತ್ರವಲ್ಲ.

ಅಂಗಡಿಯ ಟ್ಯೂಬಿನ ವಿಷಯವನ್ನು ವ್ಯಾಪಾರಿ ಸಮಾಜವೇ ಹೆಚ್ಚು ಗಂಭೀರವಾಗಿ ಯೋಚಿಸಬೇಕು. ಸ್ಟೆರಾಯ್ಡ್ ಬೆರೆತ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರಕಾರ 2018ರಲ್ಲಿ ನಿಯಮ ಬಿಗಿಗೊಳಿಸಿತು. ಅದೇ ಸ್ಟೆರಾಯ್ಡ್ ಮುಲಾಮನ್ನು ಚರ್ಮವೈದ್ಯರು ಈ ರೋಗಕ್ಕೆ ಕೊಡುವುದುಂಟು. ಯಾವುದು, ಎಷ್ಟು ದಿನ, ಎಲ್ಲಿ ಎಂಬ ಲೆಕ್ಕವಿಟ್ಟು ಕೊಡುತ್ತಾರೆ. ಲೆಕ್ಕವಿಲ್ಲದೆ ಹಚ್ಚಿದರೆ ಮಗುವಿನ ಚರ್ಮ ತೆಳುವಾಗುತ್ತದೆ, ರೋಗದ ರೂಪ ಮರೆಯಾಗಿ ವೈದ್ಯರಿಗೇ ಗುರುತು ಸಿಗದಂತಾಗುತ್ತದೆ. ತಿಕ್ಕುವುದೂ ಅಷ್ಟೇ ಅಪಾಯ. ಕೆರೆದ ಜಾಗದಲ್ಲಿ, ಗಾಯವಾದ ಜಾಗದಲ್ಲಿ ಹೊಸ ಮಚ್ಚೆ ಏಳುವುದು ಈ ರೋಗದ ಸ್ವಭಾವ.

ಇನ್ನು ಕರ್ಮದ ಮಾತು. ಶರೀರಕ್ಕೆ ಬರುವ ವೇದನೆಯು ಅಸಾತಾವೇದನೀಯ ಕರ್ಮದ ಉದಯವೆಂದು ಸಿದ್ಧಾಂತವು ಹೇಳುತ್ತದೆ. ಇದನ್ನು ಅಲ್ಲಗಳೆದು, ಆಧುನಿಕರಿಗೆ ಒಪ್ಪುವಂತೆ ತಿದ್ದಿ ಹೇಳುವ ಅಗತ್ಯವಿಲ್ಲ. ಆದರೆ ಅದೇ ಸಿದ್ಧಾಂತವು ಇನ್ನೇನನ್ನು ಹೇಳುತ್ತದೆಂಬುದನ್ನು ಮರೆತು ಅರ್ಧ ಮಾತ್ರ ಹೇಳುವುದು ಸರಿಯಲ್ಲ. ಯಾವ ಜೀವಕ್ಕೆ ಯಾವ ಕರ್ಮ, ಎಂದು ಬಂಧವಾಯಿತು, ಯಾವಾಗ ಉದಯಕ್ಕೆ ಬಂತು ಎಂಬುದು ಕೇವಲಜ್ಞಾನಿಗೆ ಸಂಪೂರ್ಣವಾಗಿ ಗೋಚರ. ಸಾಮಾನ್ಯ ಗೃಹಸ್ಥನಿಗೆ ಅದು ಕಾಣದು. ಅಂಗಡಿಯ ಗುಮಾಸ್ತನೊಬ್ಬನು ಪಕ್ಕದ ಅಂಗಡಿಯ ಕಿರ್ದಿಯನ್ನಾಗಲಿ ಖಾತೆಯನ್ನಾಗಲಿ ಒಮ್ಮೆಯೂ ತೆರೆದು ನೋಡದೆ, ಬೀದಿಯಲ್ಲಿ ನಿಂತು ಆ ಅಂಗಡಿಯ ಶಿಲ್ಕು ಇಷ್ಟೆಂದು ಕೂಗಿದರೆ ಯಾರೂ ಅವನನ್ನು ಪ್ರಾಮಾಣಿಕನೆನ್ನುವುದಿಲ್ಲ. ಅವನು ಹೇಳಿದ ಮೊತ್ತ ಅಕಸ್ಮಾತ್ತಾಗಿ ಸರಿಯಾಗಿದ್ದರೂ ಅದು ಲೆಕ್ಕವಲ್ಲ.

ಕೋಲಾರ ಚಿನ್ನದ ಗಣಿಯಲ್ಲಿ ಈ ವಿವೇಕಕ್ಕೆ ಇನ್ನೊಂದು ನಿದರ್ಶನವಿದೆ. ಊರಿನ ಸುತ್ತ ಸೈನೈಡ್ ಗುಡ್ಡಗಳೆಂದು ಜನ ಕರೆಯುವ ಬಿಳಿಯ ದಿಬ್ಬಗಳು ನಿಂತಿವೆ. ಚಿನ್ನ ತೆಗೆದುಕೊಂಡು ಉಳಿದ ಕಲ್ಲುಪುಡಿಯ ರಾಶಿ ಅದು. ಗಾಳಿ ಬೀಸಿದಾಗ ಧೂಳು ಮನೆಗಳಿಗೆ ನುಗ್ಗುತ್ತದೆ. ಸಿಲಿಕಾ ಧೂಳನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಮಿಕರಲ್ಲಿ ಲೂಪಸ್ ವರ್ಗದ ರೋಗಗಳು ಹೆಚ್ಚೆಂದು ಬೇರೆ ಬೇರೆ ದೇಶಗಳ ಸಂಶೋಧನೆಗಳು ತೋರಿಸಿವೆ. ಹಾಗೆಂದು ಒಂದು ಮಗುವಿನ ಕೆನ್ನೆಯ ಮಚ್ಚೆಯನ್ನು ನೇರವಾಗಿ ಆ ಗುಡ್ಡದ ತಲೆಗೆ ಕಟ್ಟಲಾಗದು. ವಂಶವಾಹಿ, ಬಿಸಿಲು ಮುಂತಾದ ಹಲವು ಕಾರಣಗಳು ಕೂಡಿ ಈ ರೋಗ ಹುಟ್ಟುತ್ತದೆ. ಹಾಗೆ ಹೇಳಿದರೆ ಊರಿನ ವಿದ್ಯಾವಂತರು "ಪ್ರಮಾಣವೆಲ್ಲಿ?" ಎಂದು ಕೇಳುತ್ತಾರೆ, ಕೇಳಬೇಕಾದುದೇ. ಕಣ್ಣಿಗೆ ಕಾಣುವ ಗುಡ್ಡದ ಮೇಲೆ ತಪ್ಪು ಹೊರಿಸುವುದಕ್ಕೆ ಇಷ್ಟು ಪ್ರಮಾಣ ಬೇಡುವವರು, ಕಾಣದ ಜನ್ಮದ ಮೇಲೆ ಹೊರಿಸುವಾಗ ಯಾವ ಪ್ರಮಾಣವನ್ನೂ ಕೇಳುವುದಿಲ್ಲವೆಂಬುದು ವಿಚಿತ್ರ.

ಕರ್ಮವು ಉದಯಕ್ಕೆ ಬರುವಾಗ ದ್ರವ್ಯ, ಕ್ಷೇತ್ರ, ಕಾಲ, ಭಾವಗಳ ನಿಮಿತ್ತವಿರುತ್ತದೆಂದೂ ಶಾಸ್ತ್ರ ತಿಳಿಸುತ್ತದೆ. ಬಿಸಿಲು ಒಂದು ನಿಮಿತ್ತ. ಕೊಡೆ ಹಿಡಿಯುವುದು ಆ ನಿಮಿತ್ತವನ್ನು ದೂರ ಮಾಡುವ ಪುರುಷಾರ್ಥ. ಅದು ಕರ್ಮಸಿದ್ಧಾಂತಕ್ಕೆ ವಿರೋಧವಲ್ಲ. ಮಳೆಗಾಲದಲ್ಲಿ ಮನೆಯ ಮಾಡು ಸೋರಿದರೆ ಯಾವ ಶ್ರಾವಕನೂ ಕರ್ಮವೆಂದು ನೆನೆಯುತ್ತ ಕೂರದೆ ಹೆಂಚು ಹೊದಿಸುತ್ತಾನೆ.

ಆಡುವ ಮಾತಿಗೂ ಫಲವುಂಟು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಸಾತಾವೇದನೀಯದ ಆಸ್ರವಕ್ಕೆ ಕಾರಣಗಳನ್ನು ಹೇಳುವಾಗ, ದುಃಖ, ಶೋಕ, ಆಕ್ರಂದನ ಮೊದಲಾದುವನ್ನು ತನ್ನಲ್ಲಾಗಲಿ ಪರರಲ್ಲಾಗಲಿ ಉಂಟುಮಾಡುವುದನ್ನು ಸೇರಿಸಲಾಗಿದೆ. ತಾಯಿಯನ್ನು ಅಳಿಸಿದವನು ಯಾವ ಕರ್ಮದ ಹೆಸರೆತ್ತಿದನೋ ಅದನ್ನೇ ತನ್ನ ಖಾತೆಗೆ ಜಮೆ ಮಾಡಿಕೊಂಡಂತಾಯಿತು. "ಹೇಳಿದ್ದು ನಿಜವೇ ಅಲ್ಲವೇ?" ಎಂಬ ಸಮಾಧಾನವೂ ನಿಲ್ಲುವುದಿಲ್ಲ. ಪರರಿಗೆ ವಿಪತ್ತು ತರುವಂತಹ ಮಾತು ನಿಜವಾಗಿದ್ದರೂ ಸತ್ಯಾಣುವ್ರತಿಯು ಆಡಬಾರದೆಂದು ಸಮಂತಭದ್ರರೇ ರತ್ನಕರಂಡಕದಲ್ಲಿ ವಿಧಿಸಿದ್ದಾರೆ. ಪರಂಪರೆಯ ಪ್ರಕಾರ ಆ ಆಚಾರ್ಯರೇ ಭಸ್ಮಕವ್ಯಾಧಿಯಿಂದ ಬಳಲಿದವರು. ಸಲ್ಲೇಖನಕ್ಕೆ ಅನುಮತಿ ಕೇಳಿದಾಗ ಗುರುಗಳು ಒಪ್ಪದೆ, ಮೊದಲು ರೋಗ ವಾಸಿಮಾಡಿಕೊಂಡು ಬರುವಂತೆ ಅಪ್ಪಣೆ ಕೊಟ್ಟರೆಂಬ ಕಥೆಯನ್ನು ಹತ್ತೊಂಬತ್ತನೆಯ ಶತಮಾನದ ದೇವಚಂದ್ರನ ರಾಜಾವಳಿಕಥೆಯೂ ಉಳಿಸಿಕೊಂಡು ಬಂದಿದೆ. ಮುನಿದೀಕ್ಷೆಯನ್ನೇ ತಾತ್ಕಾಲಿಕವಾಗಿ ಬಿಡಿಸಿ ಚಿಕಿತ್ಸೆಗೆ ಕಳುಹಿಸಿದ ಗುರುವಿನ ಮುಂದೆ, ಒಂಬತ್ತು ವರ್ಷದ ಹುಡುಗಿಗೆ ಮಾತ್ರೆ ಬೇಡವೆನ್ನುವ ನೆಂಟರು ಯಾವ ಆಧಾರವನ್ನು ತೋರಿಸಬಲ್ಲರು?

ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಅವರು ತೋರಿಸಬಹುದು. ವಡ್ಡಾರಾಧನೆಯನ್ನು ಓದಿದವರಿಗೆ ಅದು ಗೊತ್ತು. ರೂಪದಲ್ಲಿ ಸಾಟಿಯಿಲ್ಲದ ಆ ಚಕ್ರವರ್ತಿ ಮುನಿಯಾಗಿ, ಮೈತುಂಬ ರೋಗಗಳನ್ನು ಹೊತ್ತು, ಗುಣಪಡಿಸಿಕೊಳ್ಳುವ ಋದ್ಧಿ ತನ್ನಲ್ಲಿಯೇ ಇದ್ದರೂ ಬಳಸಲಿಲ್ಲ. ರೋಗವು ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಅದನ್ನು ಗೆಲ್ಲುವುದು ಮುನಿಯ ಸಾಧನೆ. ಆದರೆ ಸಹನೆಯು ತಾನಾಗಿ ಸ್ವೀಕರಿಸಿದಾಗ ಮಾತ್ರ ತಪಸ್ಸು. ಒಬ್ಬರ ಬದಲಿಗೆ ಇನ್ನೊಬ್ಬರು ಸ್ವೀಕರಿಸಿ ಅವರ ಮೇಲೆ ಹೇರಿದರೆ ಅದಕ್ಕೆ ಹಿಂಸೆಯೆಂದೇ ಹೆಸರು. ಪರೀಷಹಜಯವನ್ನು ತನಗೆ ಬೋಧಿಸಿಕೊಳ್ಳಬೇಕು. ರೋಗಿಯಾದ ಪರರಿಗೆ ಸಲ್ಲಬೇಕಾದುದು ವೈಯಾವೃತ್ಯ. ಅದು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂಬುದನ್ನು ನೆನಪಿಸಬೇಕಾಗಿಲ್ಲ.

ಹಿರಿಯರ ಬಾಯಿ ಮುಚ್ಚಿಸಬಹುದು. ಮಗುವಿನ ಪ್ರಶ್ನೆ ಅದಕ್ಕಿಂತ ಕಠಿಣ. ರಾತ್ರಿ ಮಲಗುವ ಹೊತ್ತಿಗೆ ಅದು ಕೇಳುತ್ತದೆ: "ಅಮ್ಮಾ, ನಾನೇನು ತಪ್ಪು ಮಾಡಿದ್ದೆ?" ತಾಯಿ ಧರ್ಮಶ್ರದ್ಧೆಯುಳ್ಳವಳು, ಸುಳ್ಳು ಹೇಳಲಾರಳು. "ನೀನೇನೂ ಮಾಡಿಲ್ಲ ಮಗಳೇ" ಎಂದರೆ ಸಿದ್ಧಾಂತಕ್ಕೆ ದ್ರೋಹವಾದೀತೇ ಎಂಬ ಅಳುಕು ಅವಳಿಗಿರಬಹುದು. ಹೀಗೆ ಅಳುಕುವ ತಾಯಂದಿರು ಇದ್ದಾರೆ. ಅವರ ಶ್ರದ್ಧೆಯನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಆದರೆ ವಿಚಾರ ಮಾಡಿದರೆ ಆ ಉತ್ತರದಲ್ಲಿ ಅಸತ್ಯವಿಲ್ಲ. ಮಗು ಕೇಳುತ್ತಿರುವುದು ಈ ಜನ್ಮದ ತನ್ನ ಬಗ್ಗೆ. ತಮ್ಮನನ್ನು ಹೊಡೆದದ್ದಕ್ಕೋ, ಅಜ್ಜಿಗೆ ಎದುರಾಡಿದ್ದಕ್ಕೋ, ಬಸದಿಯಲ್ಲಿ ಗಲಾಟೆ ಮಾಡಿದ್ದಕ್ಕೋ ಈ ಶಿಕ್ಷೆ ಎಂಬುದು ಅದರ ಭಯ. ಅದಕ್ಕೆ ಅಲ್ಲವೆಂದು ಹೇಳುವುದು ಪೂರ್ಣಸತ್ಯ. ಜನ್ಮಾಂತರದ ಮಾತನ್ನು ತಾಯಿ ತಿಳಿದಿಲ್ಲ. ತಿಳಿಯದ್ದನ್ನು ಹೇಳದಿರುವುದೂ ಸತ್ಯವೇ. ಜೈನಮತದಲ್ಲಿ ಶಿಕ್ಷೆ ಕೊಡುವ ದೇವರಿಲ್ಲವೆಂಬುದನ್ನೂ ಮಗುವಿಗೆ ತಿಳಿಯುವ ಮಾತಿನಲ್ಲಿ ಆಗಲೇ ಹೇಳಬಹುದು. ಯಾರೂ ಅದರ ಮೇಲೆ ಕೋಪಿಸಿಕೊಂಡಿಲ್ಲ. ಮೈಯೊಳಗಿನ ಕಾವಲುಗಾರರು ಗುರುತು ತಪ್ಪಿದ್ದಾರೆ, ವೈದ್ಯರು ಅವರನ್ನು ಸುಮ್ಮನಾಗಿಸುತ್ತಾರೆ, ನಿಧಾನವಾಗುತ್ತದೆ. ಇಷ್ಟು ಸಾಕು. "ನಿನ್ನ ಪಾಪ" ಎಂಬ ಮಾತನ್ನು ಕೇಳಿ ಬೆಳೆದ ಮಗು ಕರ್ಮಸಿದ್ಧಾಂತವನ್ನು ಕಲಿಯುವುದಿಲ್ಲ. ಕನ್ನಡಿ ನೋಡಿ ತನ್ನನ್ನೇ ಹೇಸುವುದನ್ನು ಕಲಿಯುತ್ತದೆ. ವೇದನೆಯನ್ನೇ ನೆನೆನೆನೆದು ಕೊರಗುವುದು ಆರ್ತಧ್ಯಾನ. ಎಳೆಯ ಜೀವವನ್ನು ಅದರೊಳಕ್ಕೆ ನೂಕಿದ ಹೊಣೆ ಯಾರದು?

ಮೈನಾಸುಂದರಿಯ ಕಥೆಯನ್ನು ಎರಡೂ ಸಂಪ್ರದಾಯದವರು ಈ ಸಂದರ್ಭದಲ್ಲಿ ಹೇಳುತ್ತಾರೆ; ಓಳಿಯ ದಿನಗಳಲ್ಲಿ ಶ್ರೀಪಾಲನ ಚರಿತೆಯನ್ನು ಓದಿಸುತ್ತಾರೆ. ತನ್ನ ಸುಖದುಃಖಗಳು ತನ್ನ ಕರ್ಮಾಧೀನವೆಂದು ಅವಳು ತಂದೆಯ ಮುಂದೆ ನುಡಿದಳು. ಸಿಟ್ಟಾದ ರಾಜನು ಅವಳನ್ನು ಕುಷ್ಠರೋಗಿ ಶ್ರೀಪಾಲನಿಗೆ ಮದುವೆ ಮಾಡಿಕೊಟ್ಟನು. ಅವಳು ಕರ್ಮದ ಮಾತನ್ನು ಆಡಿದ್ದು ತನ್ನ ಬಗ್ಗೆ ಎಂಬುದನ್ನು ಓದುಗರು ಗಮನಿಸಬೇಕು. ರೋಗಿಯಾದ ಗಂಡನ ಬಳಿ ಬಂದ ಮೇಲೆ ಅವನ ಕರ್ಮವನ್ನು ಎಣಿಸುತ್ತ ಕೂರಲಿಲ್ಲ. ಸಿದ್ಧಚಕ್ರದ ಆರಾಧನೆ ಮಾಡಿದಳು, ಗಂಧೋದಕ ತಂದಳು, ಅವನಿಗೂ ಅವನ ಜೊತೆಯ 700 ಮಂದಿ ರೋಗಿಗಳಿಗೂ ಸೇವೆ ಸಲ್ಲಿಸಿದಳು. ಈಗಿನ ತಾಯಿಯೊಬ್ಬಳು ಗಂಧೋದಕವನ್ನು ಮಗಳ ಹಣೆಗೆ ಹಚ್ಚಿದರೆ ಅದು ಅವಳ ಭಕ್ತಿ; ಯಾವ ವೈದ್ಯರೂ ಬೇಡವೆನ್ನರು. ಗಂಧೋದಕವಿದೆಯೆಂದು ಮುಲಾಮನ್ನು ಬಿಡಿಸುವವರು ಮಾತ್ರ ಮೈನಾಸುಂದರಿಯ ಹೆಸರೆತ್ತಬಾರದು.

ಮುಚ್ಚಿಡುವ ಪ್ರಶ್ನೆ ಮಗಳು ಬೆಳೆದಂತೆ ಎದುರಾಗುತ್ತದೆ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದು, 1025ರಲ್ಲಿ ಪಾರ್ಶ್ವನಾಥಚರಿತವನ್ನು ಪೂರೈಸಿದ ವಾದಿರಾಜಸೂರಿಗಳಿಗೆ ಕುಷ್ಠವಿತ್ತೆಂದು ಐತಿಹ್ಯ. ಆಸ್ಥಾನದಲ್ಲಿ ಯಾರೋ ಅದನ್ನು ಹೇಳಿ ಹಾಸ್ಯ ಮಾಡಿದಾಗ ಭಕ್ತನಾದ ಶ್ರಾವಕನೊಬ್ಬನು, ತನ್ನ ಗುರುವಿಗೆ ರೋಗವೇ ಇಲ್ಲವೆಂದು ಆವೇಶದಿಂದ ಸುಳ್ಳಾಡಿದನು. ಮರುದಿನ ರಾಜನು ನೋಡಲು ಬರುವನೆಂದಾಗ ಹೆದರಿ ಗುರುವಿನ ಬಳಿ ಓಡಿದನು. ಗುರುಗಳು ಏಕೀಭಾವಸ್ತೋತ್ರವನ್ನು ರಚಿಸಿ ಹಾಡಿದರೆಂದೂ ಮೈ ಬಂಗಾರದ ಬಣ್ಣಕ್ಕೆ ತಿರುಗಿತೆಂದೂ, ಆರೋಪಿಸಿದವನು ಕೂಡ ಸುಳ್ಳುಗಾರನಾಗದಿರಲೆಂದು ಒಂದು ಕಿರುಬೆರಳಲ್ಲಿ ರೋಗವನ್ನು ಉಳಿಸಿಕೊಂಡರೆಂದೂ ಕಥೆ ಮುಗಿಯುತ್ತದೆ. ಪವಾಡದ ಭಾಗ ಹಾಗಿರಲಿ. ರೋಗಕ್ಕೆ ನಾಚಿದವನು ರೋಗಿಯಲ್ಲ, ಅವನನ್ನು ಪ್ರೀತಿಸಿದವನು. ರೋಗಿಯಾದರೋ ಒಂದು ಬೆರಳನ್ನು ಎಲ್ಲರಿಗೂ ತೋರಿಸಿದನು. ಮದುವೆಯ ಮಾತುಕತೆಯಲ್ಲಿ ಕಲೆಗೆ ಪೌಡರ್ ಹಚ್ಚಿ ಮರೆಮಾಡುವ ಮನೆಯವರ ಸ್ಥಿತಿಯೂ ಆ ಶ್ರಾವಕನದೇ. ಅವರನ್ನು ಸುಳ್ಳಿಗೆ ನೂಕಿದ್ದು ಸಮಾಜದ ನಾಲಗೆ ಎಂಬುದನ್ನು ಒಪ್ಪಿಕೊಂಡೇ, ಹೇಳಿ ಮಾಡಿದ ಸಂಬಂಧವೇ ಉಳಿಯುವುದೆಂದು ಹೇಳಬೇಕಾಗುತ್ತದೆ. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಹೇಳುತ್ತಿದ್ದ ವಿಧಿಯನ್ನು ಸಂಸತ್ತು 2019ರಲ್ಲಿ ತೆಗೆದುಹಾಕಿತು. ಅಂಟುವ ರೋಗದ ಬಗ್ಗೆಯೇ ಕಾನೂನು ಇಷ್ಟು ದೂರ ಬಂದಿರುವಾಗ, ಅಂಟದ ಕಲೆಯೊಂದಕ್ಕೆ ಸಂಬಂಧ ಮುರಿಯುವುದು ಹಿಂದುಳಿದ ನಡತೆ.

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳನ್ನು ಕರ್ನಾಟಕದ ಜೈನ ಶಾಸನಗಳು ದಾನಿಗಳ ಹೊಗಳಿಕೆಯಲ್ಲಿ ಮತ್ತೆ ಮತ್ತೆ ಹೇಳುತ್ತವೆ. ಔಷಧದಲ್ಲಿ ಮಾಂಸ, ಮದ್ಯ, ಮಧು ಸೇರಬಾರದೆಂದು ಕಲ್ಯಾಣಕಾರಕ ಬರೆದ ಉಗ್ರಾದಿತ್ಯಾಚಾರ್ಯರು ಆಕ್ಷೇಪಿಸಿದ್ದು ಔಷಧದ ಘಟಕಗಳಿಗೆ, ಔಷಧಕ್ಕಲ್ಲ. ಆದರೆ ಇಂದಿನ ಭೈಷಜ್ಯದಾನವೆಂದರೆ ವರ್ಷಕ್ಕೊಮ್ಮೆ ಶಾಮಿಯಾನ ಹಾಕಿಸಿ, ಫಲಕ ಕಟ್ಟಿಸಿ ನಡೆಸುವ ಒಂದು ದಿನದ ಶಿಬಿರ. ಡಿಸ್ಕಾಯ್ಡ್ ಲೂಪಸ್‌ಗೆ ಅದರಿಂದ ಏನೂ ಆಗದು. ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ, ವರ್ಷಗಟ್ಟಲೆ ಮುಲಾಮು, ಬಿಸಿಲು ತಡೆಯುವ ಕ್ರೀಮು, ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಆ ಮಾತ್ರೆಯಿಂದ ಕಣ್ಣಿಗೆ ತೊಂದರೆಯಾಗದಂತೆ ಕಣ್ಣಿನ ಪರೀಕ್ಷೆ, ಮೂತ್ರದ ಪರೀಕ್ಷೆ, ಇಷ್ಟೂ ಬೇಕು. ಮಾತ್ರೆ ಕೆಲಸ ಮಾಡತೊಡಗುವುದಕ್ಕೇ ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ. ಗಣಿಯಿದ್ದ ಕಾಲದಲ್ಲಿ ಅಲ್ಲಿ ಗಣಿಯದೇ ದೊಡ್ಡ ಆಸ್ಪತ್ರೆಯಿತ್ತು. ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಅದೂ ಬಾಗಿಲು ಹಾಕಿತು. 2021ರಲ್ಲಿ ಸ್ವಯಂಸೇವಕರು ಧೂಳು ಕೊಡವಿ ಅದನ್ನು ಕೋವಿಡ್ ರೋಗಿಗಳಿಗಾಗಿ ಸಿದ್ಧಪಡಿಸಿದ್ದು, ಮನಸ್ಸಿದ್ದರೆ ಏನು ಸಾಧ್ಯವೆಂಬುದಕ್ಕೆ ಸಾಕ್ಷಿ. ಮಗುವಿನ ಚರ್ಮರೋಗಕ್ಕೆ ಈಗ ಕೋಲಾರದ ಟಮಕದಲ್ಲಿರುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ, ರೈಲು ಹಿಡಿದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಗೋ ಹೋಗಬೇಕು. ಬೌರಿಂಗ್‌ಪೇಟೆ ಎಂಬ ಹಳೆಯ ಹೆಸರಿನ ಬಂಗಾರಪೇಟೆಗೂ ಆ ಆಸ್ಪತ್ರೆಗೂ ಹೆಸರು ಕೊಟ್ಟ ಕಮಿಷನರ್ ಒಬ್ಬನೇ. ಅಂಗಡಿಯ ಯಜಮಾನನಿಗೆ ಈ ಪ್ರಯಾಣ ಕಷ್ಟವಲ್ಲ. ಅದೇ ಅಂಗಡಿಯಲ್ಲಿ ಕೆಲಸಕ್ಕಿರುವವನ ಮಗುವಿಗೆ ಇದೇ ರೋಗ ಬಂದರೆ ಒಂದು ದಿನದ ಸಂಬಳ, ರೈಲಿನ ಖರ್ಚು, ಮಾತ್ರೆ ಎಲ್ಲವೂ ಸೇರಿ ಮೂರನೆಯ ತಿಂಗಳಿಗೆ ಚಿಕಿತ್ಸೆ ನಿಂತುಹೋಗುತ್ತದೆ. ಬಸದಿಯ ಟ್ರಸ್ಟುಗಳು ಶಿಬಿರದ ಶಾಮಿಯಾನದ ಹಣದಲ್ಲಿ ಇಂತಹ ಇಬ್ಬರು ಮೂವರು ಮಕ್ಕಳ ಐದು ವರ್ಷದ ಮಾತ್ರೆಯನ್ನು ಜಾತಿ ಕೇಳದೆ ವಹಿಸಿಕೊಳ್ಳಬಹುದು. ಫಲಕ ಕಟ್ಟುವುದಕ್ಕೆ ಅದರಲ್ಲಿ ಅವಕಾಶ ಕಡಿಮೆ, ಅಷ್ಟೇ.

ಆ ಮಾತ್ರೆಯ ಬಗ್ಗೆ ಇನ್ನೊಂದು ಮಾತಿದೆ. 2020ರ ಮಾರ್ಚಿಯಲ್ಲಿ ಕೋವಿಡ್‌ಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ರಕ್ಷೆಯೆಂಬ ಸುದ್ದಿ ಹಬ್ಬಿದಾಗ ರೋಗವಿಲ್ಲದ ಜನ ಪಟ್ಟಿಗಟ್ಟಲೆ ಕೊಂಡು ಮನೆಯಲ್ಲಿಟ್ಟರು. ಚೀಟಿಯಿಲ್ಲದೆ ಮಾರದಂತೆ ಸರಕಾರ ಅದೇ ತಿಂಗಳು ಬಿಗಿ ಮಾಡಬೇಕಾಯಿತು. ದಿನವೂ ಅದನ್ನೇ ನಂಬಿದ್ದ ಲೂಪಸ್ ರೋಗಿಗಳು ಅಂಗಡಿಯಿಂದ ಅಂಗಡಿಗೆ ಅಲೆದರು. ಪರಿಗ್ರಹ ಪರಿಮಾಣವನ್ನು ಬಂಗಾರ, ಭೂಮಿ, ಧಾನ್ಯಗಳಿಗೆ ಮಾತ್ರ ಲೆಕ್ಕಹಾಕಿಕೊಂಡವರ ಕಪಾಟಿನಲ್ಲಿ ಆ ವರ್ಷ ಬೇರೊಬ್ಬರ ಮಗುವಿನ ಔಷಧವಿತ್ತು.

ಮನೆಯ ನಿಯಮಗಳಿಗೂ ರೋಗಕ್ಕೂ ಘರ್ಷಣೆ ಬೇಕಾಗಿಲ್ಲ. ಮಾತ್ರೆಯನ್ನು ಊಟದ ಜೊತೆ ತೆಗೆದುಕೊಳ್ಳುವುದು ಒಳ್ಳೆಯದಾದುದರಿಂದ ವೈದ್ಯರನ್ನು ಕೇಳಿ ಸೂರ್ಯಾಸ್ತಕ್ಕೆ ಮುಂಚಿನ ಊಟಕ್ಕೇ ಅದನ್ನು ಹೊಂದಿಸಬಹುದು. ರಾತ್ರಿಭೋಜನ ತ್ಯಾಗಕ್ಕೆ ಭಂಗವಿಲ್ಲ. ಪರ್ಯೂಷಣದಲ್ಲಿ ಮಗುವಿನಿಂದ ಉಪವಾಸ ಮಾಡಿಸಿ ಮಾತ್ರೆ ತಪ್ಪಿಸುವುದು ಬೇಡ. ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ನೆರಳಿನ ಸಾಲಿನಲ್ಲಿ ನಿಲ್ಲಿಸಿರೆಂದು ಉಪಾಧ್ಯಾಯರಿಗೆ ತಂದೆ ಒಂದು ಚೀಟಿ ಬರೆದುಕೊಟ್ಟರೆ ಸಾಕು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಆ ಬಯಲುನಾಡಿನಲ್ಲಿ ಚೈತ್ರದ ಬಿಸಿಲು ಚುರುಕು. ಮಹಾವೀರ ಜಯಂತಿಯೂ ಚೈತ್ರದಲ್ಲಿಯೇ ಬರುತ್ತದೆ. ರಥದ ಮುಂದೆ ಕಳಶ ಹಿಡಿಯುವ ಆಸೆ ಎಲ್ಲ ಹೆಣ್ಣುಮಕ್ಕಳಿಗೂ ಇರುತ್ತದೆ. ಮೆರವಣಿಗೆಯು ಹತ್ತು ಗಂಟೆಗೆ ಹೊರಟು ಮಧ್ಯಾಹ್ನ ಮುಗಿಯುವ ಪದ್ಧತಿಯಿರುವಲ್ಲಿ, ಅದನ್ನು ಬೆಳಿಗ್ಗೆ ಆರೂವರೆಗೆ ಹೊರಡಿಸಿ ಎಂಟರೊಳಗೆ ಬಸದಿಗೆ ಮರಳಿಸುವುದಕ್ಕೆ ಟ್ರಸ್ಟಿನ ಒಂದು ಸಭೆಯ ನಿರ್ಣಯ ಸಾಕು. ಉದ್ದ ತೋಳಿನ ರವಿಕೆ, ತಲೆಯ ಮೇಲೆ ಸೆರಗು, ಪಕ್ಕದಲ್ಲಿ ಛತ್ರಿ ಹಿಡಿದ ಅಣ್ಣ, ಕೈಯಲ್ಲಿ ಕಳಶ: ಆ ಸಾಲಿನಲ್ಲಿ ಅವಳಿಗೂ ಜಾಗವಿರುತ್ತದೆ.